ಸಿಎ ಫೈನಲ್: ಉತ್ತರ ಮುಚ್ಚಿಟ್ಟು ಲೆಕ್ಕ ಮಾಡಿ
ಸಿಎ ಫೈನಲ್‌ಗೆ ಕೂರುತ್ತಿರುವ ತಮ್ಮ ತಂಗಿಯರೇ, ದಯವಿಟ್ಟು ಬಿಡಿಸಿಟ್ಟ ಲೆಕ್ಕವನ್ನು ಓದಿ "ಅರ್ಥವಾಯ್ತು" ಎಂದು ಪುಟ ತಿರುಗಿಸಬೇಡಿ. ನಾನು ಮೊದಲ ಸಲ ಹಾಗೇ ಮಾಡಿ ಫೇಲಾದೆ. ಓದುವಾಗ ಎಲ್ಲ ಸಲೀಸು, ಖಾಲಿ ಹಾಳೆಯೆದುರು ಕೈಯೇ ಓಡಲಿಲ್ಲ.

ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐನ ಜಾಲತಾಣದಲ್ಲಿ ಆರ್‌ಟಿಪಿ (ಪುನರಾವರ್ತನೆಯ ಪ್ರಶ್ನೆಪತ್ರಿಕೆ), ಎಂಟಿಪಿ (ಅಣಕು ಪರೀಕ್ಷೆಯ ಪತ್ರಿಕೆ), ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಉತ್ತರ ಮುಚ್ಚಿಟ್ಟು, ಗಡಿಯಾರ ಎದುರಿಗಿಟ್ಟು ಬರೆಯಿರಿ. 100 ಅಂಕಕ್ಕೆ 180 ನಿಮಿಷ, ಅಂದರೆ 14 ಅಂಕದ ಲೆಕ್ಕಕ್ಕೆ 25 ನಿಮಿಷ. ಮುಗಿಯದಿದ್ದರೂ ಪೆನ್ನು ಕೆಳಗಿಡಿ.

ಆಮೇಲಿನದೇ ನಿಜವಾದ ಓದು. ತಪ್ಪಿದ್ದೆಲ್ಲಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದಿಡಿ. ನನ್ನದರಲ್ಲಿ ಇದು ಮೂರು ಸಲ ಇತ್ತು: ಮಾತೃ ಕಂಪನಿ ಅಸಲು ಬೆಲೆಯ ಮೇಲೆ 25% ಲಾಭ ಸೇರಿಸಿ ತನ್ನ ಸಬ್ಸಿಡಿಯರಿಗೆ (ಅಂಗಸಂಸ್ಥೆಗೆ) ಮಾರಿದ ಸರಕಿನಲ್ಲಿ ₹50,000ದ್ದು ಅದರ ಬಳಿ ಉಳಿದಿದ್ದರೆ, ಎರಡೂ ಕಂಪನಿಗಳ ಒಟ್ಟು ಲೆಕ್ಕದಲ್ಲಿ ಕಳೆಯಬೇಕಾದ ಲಾಭ ₹10,000 (ಮಾರಾಟ ಬೆಲೆಯ ಐದನೇ ಒಂದು ಪಾಲು), ₹12,500 ಅಲ್ಲ. ಮೂರನೇ ಸಲ ಬರೆದ ಮೇಲೆ ಮತ್ತೆ ತಪ್ಪಲಿಲ್ಲ.

ವರ್ಕಿಂಗ್ ನೋಟ್ (ಉತ್ತರ ಬಂದ ಹಂತಗಳ ಟಿಪ್ಪಣಿ) ಬರೆಯುವುದನ್ನು ಮಾತ್ರ ಬಿಡಲೇಬೇಡಿ. ಕೊನೆಯ ಮೊತ್ತ ತಾಳೆಯಾಗದಿದ್ದರೂ ಹಂತಗಳಿಗೆ ಅಂಕವಿದೆ. ಒಂದು ವಾರ ಬಿಟ್ಟು ತಪ್ಪಾದ ಲೆಕ್ಕಗಳನ್ನಷ್ಟೇ ಮತ್ತೆ ಮಾಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಫೋಟೋ ಹಾಕಿ, ರಾತ್ರಿ ಒಂಬತ್ತರ ಮೇಲೆ ನೋಡಿ ಹೇಳುತ್ತೇನೆ.