ದನದ ಕೊರೋನಾ: ಕೊಟ್ಟಿಗೇಲಿ ಕರುವಿಂದ ಕರುಗೆ ಹರಡದಂಗೆ ನೋಡ್ಕೊಳ್ಳೋದು ಹೆಂಗೆ

ಹುಟ್ಟಿ ವಾರ ಹತ್ತು ದಿನ ಆಗಿರೋ ಕರು ನೀರ್ ನೀರಾಗಿ ಹಳದಿ ಭೇದಿ ಮಾಡ್ತಿದ್ರೆ ದೃಷ್ಟಿ ಆಗಿದೆ ಅಂತ ಸುಮ್ನೆ ಕೂರ್ಬೇಡಿ, ದನದ ಕೊರೋನಾನೂ ಇರ್ಬೋದು. ಗಾಬರಿ ಬೇಡ, ಕೋವಿಡ್ ತಂದ ವೈರಸ್ಸೇ ಬೇರೆ, ಇದು 1970ರ ದಶಕದ ಶುರುವಲ್ಲೇ ಅಮೆರಿಕದಲ್ಲಿ ಕರುಗಳ ಭೇದೀಲಿ ಪತ್ತೆ ಆಗಿತ್ತು. ನಮಗೆ ನೆಗಡಿ ತರೋ ಓಸಿ43 ಅನ್ನೋ ಕೊರೋನಾ ಇದರ ದಾಯಾದಿ, ಎರಡೂ 1890ರ ಆಸುಪಾಸಲ್ಲಿ ಕವಲೊಡೆದಿರ್ಬೇಕು ಅಂತ 2005ರಲ್ಲಿ ವಿಜ್ಞಾನಿಗಳು ಜೀನ್ ಹೋಲಿಸಿ ಅಂದಾಜು ಮಾಡಿದ್ರು. ಒಂದ್ಸಲ ಬಂದು ವಾಸಿಯಾದ ದನಕ್ಕೂ ಇದು ಮತ್ತೆ ಬರ್ಬೋದು, ಅದಕ್ಕೇ ನಾನು ಹೇಳೋದು, ಇಲ್ಲಿ ಕಾಯೋದು ಕೊಟ್ಟಿಗೆ ಶಿಸ್ತೇ.

ಕರುಗೆ ಎಲ್ಲಿಂದ ಬರುತ್ತೆ ಅಂದ್ರೆ ಸುಮಾರು ಸಲ ತಾಯಿಯಿಂದ್ಲೇ. ಹಸು ನೋಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ಈಯೋ ಸಮಯದಲ್ಲಿ ಸಗಣೀಲಿ ವೈರಸ್ ಬಿಡ್ತಿರುತ್ತೆ, ಕರು ಎದ್ದು ತಡಕಾಡ್ಕೊಂಡು ಸಗಣಿ ಮೆತ್ಕೊಂಡಿರೋ ಕೆಚ್ಚಲಿಗೇ ಬಾಯಿ ಹಾಕುತ್ತೆ. ಹಂಗಾಗಿ ಈಯೋ ಜಾಗ ಬೇರೆ ಮಾಡಿ, ಒಣಗಿದ ಕಬ್ಬಿನ ತರಗು ಹಾಸಿ, ಕರು ಬಾಯಿ ಹಾಕೋ ಮುಂಚೆ ಕೆಚ್ಚಲು ತೊಳೆದು ಒರೆಸಿ.

ಆಮೇಲೆ ಗಿಣ್ಣು. ಕಸ (ಮಾಸು) ಬೀಳೋವರ್ಗೂ ಹಾಲು ಕುಡಿಸ್ಬಾರ್ದು ಅಂತ ನಮ್ ಕಡೆ ಈಗ್ಲೂ ಹೇಳ್ತಾರೆ, ದಯವಿಟ್ಟು ಅದನ್ನ ಬಿಟ್ಬಿಡಿ. ಎರಡು ಗಂಟೆ ಒಳಗೆ ಮೊದಲ ಸಲ ಕುಡಿಸ್ಬೇಕು, ಹನ್ನೆರಡು ಗಂಟೆ ಒಳಗೆ ಕರು ತೂಕದ ಹತ್ತರಲ್ಲಿ ಒಂದು ಪಾಲು ಹೊಟ್ಟೆ ಸೇರ್ಬೇಕು, ಮೂವತ್ತು ಕೆಜಿ ಕರು ಆದ್ರೆ ಮೂರು ಲೀಟರ್. 24 ಗಂಟೆ ದಾಟಿದ್ರೆ ಗಿಣ್ಣಲ್ಲಿರೋ ರಕ್ಷಣೆ ಕರುಳಿಂದ ರಕ್ತಕ್ಕೆ ಹೋಗಲ್ಲ. ಆದ್ರೂ ಗಿಣ್ಣು ಬರೋ ಅಷ್ಟು ದಿನಾನೂ ಕುಡಿಸಿ, ಕರುಳೊಳಗೇ ವೈರಸ್ ತಡೆಯುತ್ತೆ. ಬೀದಿ ಮನೆಗೆಲ್ಲಾ ಹಂಚೋದು, ಬೆಲ್ಲ ಏಲಕ್ಕಿ ಹಾಕಿ ಬೇಯಿಸೋದು ಎಲ್ಲಾ ಕರು ಹೊಟ್ಟೆ ತುಂಬಿದ್ಮೇಲೆ.

ಭೇದಿ ಶುರುವಾದ್ರೆ ಕೊಲ್ಲೋದು ಮೈಯಿಂದ ನೀರು, ಉಪ್ಪಿನಂಶ ಹೋಗೋದು. ಕುತ್ತಿಗೆ ಚರ್ಮ ಚಿವುಟಿ ಬಿಡಿ, ಥಟ್ ಅಂತ ವಾಪಸ್ ಹೋಗದೆ ಮಡಿಕೆಯಾಗೇ ನಿಂತ್ರೆ ನೀರು ಕಮ್ಮಿಯಾಗಿದೆ ಅಂತ ಅರ್ಥ. ಉಗುರುಬೆಚ್ಚಗಿನ ನೀರಲ್ಲಿ ಓಆರ್‌ಎಸ್ ಕಲಸಿ ಕುಡಿಸಿ, ಹಾಲು ನಿಲ್ಲಿಸ್ಬೇಡಿ, ಆದ್ರೆ ಎರಡಕ್ಕೂ ನಡುವೆ ಒಂದೆರಡು ಗಂಟೆ ಗ್ಯಾಪ್ ಇರ್ಲಿ. ಕಣ್ಣು ಗುಳಿ ಬಿದ್ದು ಚೀಪೋಕೂ ಆಗದೆ ಮಲಗಿದ್ರೆ ಬಾಯಿಗೆ ಸುರೀಬೇಡಿ, ಡ್ರಿಪ್ಪೇ ಬೇಕು, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆಂಟಿಬಯೋಟಿಕ್ ವೈರಸ್ಸಿಗೆ ಕೆಲಸ ಮಾಡಲ್ಲ, ಅಂಗಡಿಯಿಂದ ನೀವೇ ತಂದು ಕೊಡ್ಬೇಡಿ.

ದೊಡ್ಡ ದನಕ್ಕೆ ಚಳೀಲಿ ಬಂದ್ರೆ ಕಪ್ಪಗೆ ನೀರು ಸಗಣಿ, ಡೈರಿಗೆ ಹಾಕೋ ಹಾಲು ಇದ್ದಕ್ಕಿದ್ದಂಗೆ ಇಳಿಯುತ್ತೆ, ಕೆಲವಕ್ಕೆ ಕೆಮ್ಮು. ಚುಂಚನಕಟ್ಟೆ, ಮುಡುಕುತೊರೆ, ಹೇಮಗಿರಿ ದನಗಳ ಜಾತ್ರೆನೂ ಅದೇ ಚಳೀಲೇ ಬರುತ್ತಲ್ಲ, ಅಲ್ಲಿಂದ ತಂದ ದನನ ಸೀದಾ ಹಳೇ ಸಾಲಿಗೆ ಕಟ್ಬೇಡಿ, ಎರಡು ಮೂರು ವಾರ ದೂರ ಕಟ್ಟಿ, ಬಕೆಟ್ ಬೇರೆ ಇಡಿ. ಚೆನ್ನಾಗಿರೋ ಕರುಗಳ ಕೆಲಸ ಮೊದ್ಲು, ಭೇದಿ ಕರುದು ಕೊನೆಗೆ. ತೊಳೆಯೋವಾಗ ಸಗಣಿ ಪೂರ್ತಿ ತೆಗೆದು ಸೋಪ್ ನೀರು ಹಾಕಿ ಉಜ್ಜಿದ್ಮೇಲೇ ಬ್ಲೀಚಿಂಗ್ ಪೌಡರ್, ಸಗಣಿ ಮೇಲೆ ಎರಚಿದ್ರೆ ದುಡ್ಡು ದಂಡ.

ಡಾಕ್ಟ್ರು ಬಂದಾಗ ಸಗಣಿ ಸ್ಯಾಂಪಲ್ ಟೆಸ್ಟಿಗೆ ಕಳಿಸೋಕಾಗುತ್ತಾ ಕೇಳಿ, ರೋಟಾ ವೈರಸ್, ಇ. ಕೋಲಿ ಬ್ಯಾಕ್ಟೀರಿಯಾ, ಕೊರೋನಾ ತರೋ ಭೇದಿ ಎಲ್ಲಾನೂ ಕಣ್ಣಿಗೆ ಒಂದೇ ಥರ ಕಾಣುತ್ತೆ, ಶುರುವಾದ ಮೊದಲ ದಿನದ ಸಗಣಿ ಆದ್ರೆ ವೈರಸ್ ಸಿಗೋ ಚಾನ್ಸ್ ಜಾಸ್ತಿ.