ಈಸ್ಟರ್ ಮೊಟ್ಟೆಗೆ ಅಡುಗೆಮನೆಯ ಬಣ್ಣ

ಪುಟ್ಟ ಮಕ್ಕಳು ಕೈಹಾಕುವ ಕೆಲಸಕ್ಕೆ ಈರುಳ್ಳಿ ಸಿಪ್ಪೆ, ಅರಿಸಿನ, ಎಲೆಕೋಸಿನ ಬಣ್ಣವೇ ಒಳ್ಳೆಯದು. ಬೆರಳು ಬಾಯಿಗೆ ಹೋದರೂ ಗಾಬರಿಯಿಲ್ಲ. ಬಿಳಿ ಫಾರಂ ಮೊಟ್ಟೆ ತನ್ನಿ. ಕಂದು ಚಿಪ್ಪಿನ ಮೇಲೆ ತಿಳಿ ಬಣ್ಣ ಕಾಣುವುದಿಲ್ಲ.

ಫ್ರಿಜ್‌ನಿಂದ ತೆಗೆದದ್ದನ್ನು ನೇರ ಕುದಿಯುವ ನೀರಿಗೆ ಹಾಕಿದರೆ ಬಿರುಕು ಬಿಡುತ್ತದೆ. ತಣ್ಣೀರಿನಲ್ಲಿಟ್ಟು ಒಲೆ ಹಚ್ಚಿ, ಕುದಿ ಬಂದಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಬೇಯಿಸಿ, ಆರಿಸಿ, ಒರೆಸಿ.

2 ಲೋಟ ನೀರಿನಲ್ಲಿ 2 ಹಿಡಿ ಈರುಳ್ಳಿ ಸಿಪ್ಪೆಯನ್ನು 20 ನಿಮಿಷ ಕುದಿಸಿದರೆ ಇಟ್ಟಿಗೆಗೆಂಪು. ಅಷ್ಟೇ ನೀರಿಗೆ 2 ಚಮಚ ಅರಿಸಿನ ಹಾಕಿದರೆ ಹಳದಿ. ಹೆಚ್ಚಿದ ಕೆಂಪು ಎಲೆಕೋಸು ಕುದಿಸಿದರೆ ನೀರು ನೇರಳೆ, ಮೊಟ್ಟೆ ಮಾತ್ರ ನೀಲಿ! ಮಕ್ಕಳಿಗೆ ಇದೇ ಮೋಜು. ಸೋಸಿ, ಪೂರ್ತಿ ಆರಿದಮೇಲೆ ಲೋಟಕ್ಕೊಂದು ದೊಡ್ಡ ಚಮಚ ವಿನೆಗರ್ ಬೆರೆಸಿ. ಹುಳಿಯಿಲ್ಲದಿದ್ದರೆ ಬಣ್ಣ ಸರಿಯಾಗಿ ಹಿಡಿಯದು. ಹೆಚ್ಚಾದರೆ ಚಿಪ್ಪೇ ಕರಗಿ ಒರಟಾಗುತ್ತದೆ.

ಅದ್ದುವ ಮೊದಲು ಬಿಳಿ ಮೇಣದ ಕ್ರೆಯಾನ್‌ನಲ್ಲಿ ಮಕ್ಕಳು ಬೇಕಾದ್ದು ಗೀಚಲಿ; ಮೇಣವಿದ್ದಲ್ಲಿ ಬಣ್ಣ ಕೂರುವುದಿಲ್ಲ. ಅರ್ಧ ಗಂಟೆ ಮುಳುಗಿಸಿಡಿ. ಗಾಢವಾಗಬೇಕೆಂದರೆ ಬಟ್ಟಲನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಎತ್ತಿದಮೇಲೆ ಉಜ್ಜಬೇಡಿ, ಹಸಿ ಬಣ್ಣ ಕಿತ್ತುಬರುತ್ತದೆ. ಒಣಗಿದಮೇಲೆ ಒಂದು ಹನಿ ಅಡುಗೆ ಎಣ್ಣೆ ಸವರಿದರೆ ಹೊಳಪು.

ತಿನ್ನುವುದಾದರೆ ಒಟ್ಟು 2 ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಬಿರುಕು ಬಿಟ್ಟದ್ದನ್ನು ಅಲಂಕಾರಕ್ಕಷ್ಟೇ ಇಟ್ಟುಕೊಳ್ಳಿ.