ಕಣ್ಣಿನ ರೆಪ್ಪೆ ನೋಡಿ ಔಷಧ: ಮೇಕೆಗಳ ಜಂತುಹುಳು ನಿಯಂತ್ರಣದಲ್ಲಿ ನನ್ನ ಅನುಭವ

ಶಿರಾ ಸೀಮೆಯ ನಮ್ಮ ಕಡೆ ಮೇಕೆ ಸಾಕುವ ಬಹಳಷ್ಟು ಮಂದಿ ಮೂರು ತಿಂಗಳಿಗೊಮ್ಮೆ ಇಡೀ ಹಿಂಡಿಗೆ ಒಂದೇ ಅಳತೆಯಲ್ಲಿ ಜಂತುಹುಳುವಿನ ಔಷಧ ಕುಡಿಸುತ್ತಾರೆ. ನಾನು ಕೆಲವು ವರ್ಷಗಳಿಂದ ಪ್ರತಿ ಮೇಕೆಯನ್ನೂ ಹಿಡಿದು ನೋಡಿ, ಅಗತ್ಯವಿರುವುದಕ್ಕೆ ಮಾತ್ರ, ಅದರ ತೂಕಕ್ಕೆ ತಕ್ಕ ಪೂರ್ಣ ಪ್ರಮಾಣದ ಔಷಧ ಕೊಡುತ್ತಿದ್ದೇನೆ. ಔಷಧದ ಖರ್ಚು ಇಳಿದಿದೆ, ಮಳೆಗಾಲದಲ್ಲಿ ಮರಿಗಳ ಸಾವೂ ಗಣನೀಯವಾಗಿ ಕಡಿಮೆಯಾಗಿದೆ.

ಮೇಕೆಗಳಿಗೆ ಅತಿ ಹೆಚ್ಚು ಹಾನಿ ಮಾಡುವುದು ಹೆಮಾಂಕಸ್ ಎಂಬ ರಕ್ತ ಹೀರುವ ದುಂಡುಹುಳು. ಮೇಕೆಯ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಕೊನೆಯದರ ಗೋಡೆಗೆ ಅಂಟಿಕೊಂಡು ಬದುಕುವ ಈ ಹುಳು ಒಂದೊಂದೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತದೆ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿ.ಲೀ. ರಕ್ತ ಹೋಯಿತು; 25 ಕೆ.ಜಿ. ತೂಗುವ ಮೇಕೆಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರಿಗಿಂತ ಕಡಿಮೆ. ಹೆಣ್ಣು ಹುಳು ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಮೊಟ್ಟೆಗಳು ಬೆಚ್ಚಗಿನ ತೇವದಲ್ಲಿ ಸುಮಾರು ಒಂದು ವಾರದಲ್ಲಿ ಸೋಂಕು ತರುವ ಮರಿಹುಳುಗಳಾಗಿ, ಹುಲ್ಲಿನ ಮೇಲಿನ ನೀರಿನ ಪಸೆಯನ್ನು ಹಿಡಿದು ಮೇಲೇರುತ್ತವೆ; ಮೇಕೆ ಅದನ್ನು ಮೇಯ್ದ ಮೂರು ವಾರಗಳಿಗೆ ಹೊಸ ತಲೆಮಾರಿನ ಹುಳುಗಳು ಮೊಟ್ಟೆ ಇಡಲು ಆರಂಭಿಸುತ್ತವೆ. ನಮ್ಮಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಆದ್ದರಿಂದ ದಸರೆಯಿಂದ ದೀಪಾವಳಿ ದಾಟುವವರೆಗಿನ ದಿನಗಳೇ ನನಗೆ ಅತ್ಯಂತ ಎಚ್ಚರಿಕೆಯ ಕಾಲ.

ರಕ್ತಹೀನತೆಯನ್ನು ಗುರುತಿಸಲು ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ಎಂಬ ಬಣ್ಣದ ಪಟ್ಟಿಯ ವಿಧಾನವನ್ನು ನಾನು ಅನುಸರಿಸುತ್ತೇನೆ. ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಕೆಳಗಿನ ರೆಪ್ಪೆಯನ್ನು ಎಳೆದಾಗ ಒಳಪೊರೆ ಕಾಣುತ್ತದೆ. ಅದು ಕಡುಗೆಂಪಾಗಿದ್ದರೆ 1, ಕಾಗದದಂತೆ ಬಿಳಿಚಿದ್ದರೆ 5. ಕೊಟ್ಟಿಗೆಯ ನೆರಳಿನಲ್ಲಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ ಬಿಸಿಲಿನಲ್ಲಿಯೇ ನೋಡಬೇಕು, ಎರಡೂ ಕಣ್ಣುಗಳನ್ನು ನೋಡಿ ಹೆಚ್ಚು ಬಿಳಿಚಿದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. 4 ಮತ್ತು 5 ಬಂದವುಗಳಿಗೆ ಅಂದೇ ಔಷಧ. 3 ಬಂದವುಗಳಲ್ಲಿ ಮರಿಗಳಿಗೆ, ಗಬ್ಬದ ಮೇಕೆಗಳಿಗೆ ಮತ್ತು ಬಡಕಲಾದವುಗಳಿಗೆ ಕೊಡುತ್ತೇನೆ. ಗದ್ದದ ಕೆಳಗೆ ನೀರು ತುಂಬಿ ಊದಿಕೊಂಡಿದ್ದರೆ ಕಾಯುವಂತಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಈ ತಪಾಸಣೆ ನಡೆಯುತ್ತದೆ. ಉಣ್ಣಿ ಹತ್ತಿದರೂ, ಕೆರೆಯಂಗಳದಲ್ಲಿ ಮೇಯ್ದು ಯಕೃತ್ತಿನ ಚಪ್ಪಟೆಹುಳು ಸೇರಿದರೂ ರೆಪ್ಪೆ ಬಿಳಿಚುತ್ತದೆ ಎಂಬುದನ್ನು ಮರೆಯಬಾರದು. ಹಿಕ್ಕೆಯಲ್ಲಿ ಅಕ್ಕಿಕಾಳಿನಂತೆ ಕಾಣುವ ಲಾಡಿಹುಳುವಿನ ತುಣುಕುಗಳನ್ನು ಕಂಡು ಎಲ್ಲರೂ ಗಾಬರಿಯಾಗುತ್ತಾರೆ. ಆದರೆ ಕೊಲ್ಲುವ ಹೆಮಾಂಕಸ್ ಹಿಕ್ಕೆಯಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ಎಲ್ಲಕ್ಕೂ ಕುಡಿಸದೆ ಬಿಡುವುದಕ್ಕೆ ಬಲವಾದ ಕಾರಣವಿದೆ. ಹಿಂಡಿನ ಕೆಲವೇ ಮೇಕೆಗಳ ಹೊಟ್ಟೆಯಲ್ಲಿ ಬಹುಪಾಲು ಹುಳುಗಳಿರುತ್ತವೆ. ಎಲ್ಲಕ್ಕೂ ಒಟ್ಟಿಗೆ ಔಷಧ ಕೊಟ್ಟರೆ ಆ ಔಷಧಕ್ಕೆ ಜಗ್ಗದ ಹುಳುಗಳು ಮಾತ್ರ ಉಳಿದು, ಹೊಲದಲ್ಲೆಲ್ಲ ಅವುಗಳದ್ದೇ ಸಂತಾನ ಹರಡುತ್ತದೆ. ಔಷಧ ಕುಡಿಯದ ಆರೋಗ್ಯವಂತ ಮೇಕೆಗಳಲ್ಲಿರುವ ಸಾಮಾನ್ಯ ಹುಳುಗಳು ಇವುಗಳೊಂದಿಗೆ ಬೆರೆತಾಗ ಔಷಧದ ಶಕ್ತಿ ಹೆಚ್ಚು ಕಾಲ ಉಳಿಯುತ್ತದೆ.

ಕಡಿಮೆ ಪ್ರಮಾಣದ ಔಷಧವೂ ಇದೇ ಕೇಡನ್ನು ಮಾಡುತ್ತದೆ. ಮೇಕೆಯ ದೇಹ ಔಷಧವನ್ನು ಕುರಿಗಿಂತ ಬೇಗ ಹೊರಹಾಕುವುದರಿಂದ ಕುರಿಗೆ ಹೇಳಿದ ಅಳತೆ ಮೇಕೆಗೆ ಸಾಲದು. ಪಶುವೈದ್ಯರ ಸಲಹೆಯಂತೆ ನಾನು ಆಲ್ಬೆಂಡಜೋಲನ್ನು ಕೆ.ಜಿ.ಗೆ 10 ಮಿ.ಗ್ರಾಂ. ಲೆಕ್ಕದಲ್ಲಿ ಕೊಡುತ್ತೇನೆ, ಅಂದರೆ ಶೇ. 2.5ರ ದ್ರಾವಣವಾದರೆ 25 ಕೆ.ಜಿ. ಮೇಕೆಗೆ 10 ಮಿ.ಲೀ. ಗಬ್ಬದ ಮೊದಲ ತಿಂಗಳಲ್ಲಿ ಈ ಔಷಧ ಕೂಡದು. ಲೆವಮಿಸೋಲ್ ಎಂಬ ಇನ್ನೊಂದು ಜಂತುಹುಳು ಔಷಧ ಅಳತೆ ಮೀರಿದರೆ ವಿಷವಾಗುವುದರಿಂದ ಅದನ್ನು ತಕ್ಕಡಿಯಲ್ಲಿ ತೂಗದೆ ಕೊಡಲೇಬಾರದು. ಸೂಜಿ ತೆಗೆದ ಸಿರಿಂಜನ್ನು ಬಾಯಿಯ ಬದಿಯಿಂದ ಒಳತೂರಿಸಿ, ನಾಲಗೆಯ ಹಿಂಭಾಗಕ್ಕೆ ನಿಧಾನವಾಗಿ ಬಿಡಬೇಕು. ತಲೆಯನ್ನು ಮೇಲಕ್ಕೆತ್ತಿ ಹಿಡಿದರೆ ಔಷಧ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಔಷಧ ಕೊಟ್ಟ ಮೇಲೆ ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಅದೇ ಮೇಕೆಗಳ ಹಿಕ್ಕೆಯನ್ನು ಪಶು ಆಸ್ಪತ್ರೆಯ ಮೂಲಕ ಪರೀಕ್ಷಿಸಿ, ಅದರಲ್ಲಿನ ಹುಳುಮೊಟ್ಟೆಗಳ ಎಣಿಕೆಯನ್ನು ಔಷಧಕ್ಕೆ ಮೊದಲಿನ ಎಣಿಕೆಯೊಂದಿಗೆ ಹೋಲಿಸುತ್ತೇನೆ. ಮೊಟ್ಟೆಗಳು ಶೇ. 95ರಷ್ಟು ಇಳಿಯದಿದ್ದರೆ ಆ ಔಷಧದ ಮೇಲಿನ ನಂಬಿಕೆಯನ್ನು ಬಿಡಬೇಕು.

ಮೇಯಿಸುವ ಕ್ರಮ ಔಷಧದಷ್ಟೇ ಮುಖ್ಯ. ಇಬ್ಬನಿ ಆರಿದ ಮೇಲೆಯೇ ಹಿಂಡನ್ನು ಹೊರಗೆ ಬಿಡುತ್ತೇನೆ. ಮರಿಹುಳುಗಳು ಹೆಚ್ಚಾಗಿ ನೆಲಕ್ಕೆ ಹತ್ತಿರದ ಹುಲ್ಲಿನಲ್ಲಿರುವುದರಿಂದ ಮಳೆಗಾಲದಲ್ಲಿ ಬೇಲಿಯ ಜಾಲಿ, ಸುಬಾಬುಲ್, ಅಗಸೆಯ ಸೊಪ್ಪನ್ನು ಕಡಿದು ಎತ್ತರಕ್ಕೆ ಕಟ್ಟುತ್ತೇನೆ. ಈಯುವ ಹೊತ್ತಿಗೆ ತಾಯಿಯ ಹಿಕ್ಕೆಯಲ್ಲಿ ಮೊಟ್ಟೆಗಳು ಏರುವುದರಿಂದ ಆಗ ಹಿಂಡಿಯನ್ನು ಹೆಚ್ಚಿಸುತ್ತೇನೆ. ಹೊಟ್ಟೆಗೆ ಪ್ರೋಟೀನ್ ಸಿಕ್ಕ ಮೇಕೆ ಹುಳುವನ್ನು ತಡೆದುಕೊಳ್ಳುತ್ತದೆ. ಸಂತೆಯಿಂದ ತಂದ ಮೇಕೆಗಳು ಹಿಕ್ಕೆ ಪರೀಕ್ಷೆಯಾಗಿ, ಔಷಧ ಫಲಿಸಿದ್ದು ಖಚಿತವಾಗುವವರೆಗೆ ಬೇರೆ ಕೊಟ್ಟಿಗೆಯಲ್ಲಿರುತ್ತವೆ.

ಪ್ರತಿ ತಪಾಸಣೆಯ ಅಂಕವನ್ನು ಕಿವಿಯೋಲೆಯ ಸಂಖ್ಯೆಯೊಂದಿಗೆ ಪುಸ್ತಕದಲ್ಲಿ ಬರೆದಿಡುತ್ತೇನೆ. ಮತ್ತೆ ಮತ್ತೆ ಔಷಧ ಬೇಡುವ ಮೇಕೆಯನ್ನು, ಅದು ಎಷ್ಟೇ ಹಾಲು ಕೊಡಲಿ, ಮಾರುತ್ತೇನೆ. ಬೀಜಕ್ಕೆ ಬಿಡುವ ಹೋತವನ್ನು ಮಳೆಗಾಲ ಕಳೆದರೂ ರೆಪ್ಪೆ ಕೆಂಪಾಗಿ ಉಳಿದ ತಾಯಿಯ ಮರಿಗಳಿಂದಲೇ ಆರಿಸುತ್ತೇನೆ.